ಜಪಾನಿನ ಸೈಕೆಡೆಲಿಕ್ ರಾಕ್ ಹುಡುಕಿ ಕೇಳುವುದು ಹೇಗೆ

ಸೈಕೆಡೆಲಿಕ್ ರಾಕ್ ಅಂದರೆ ಉದ್ದದ ಗಿಟಾರ್, ಪ್ರತಿಧ್ವನಿ, ವಿಚಿತ್ರ ಸದ್ದುಗಳಿಂದ ಮನಸ್ಸನ್ನು ಬೇರೆ ಲೋಕಕ್ಕೆ ಒಯ್ಯುವ ರಾಕ್ ಸಂಗೀತ. ಮೊದಲೇ ಹೇಳಿಬಿಡುತ್ತೇನೆ. "ಕೇಳಲೇಬೇಕಾದ 50 ಆಲ್ಬಂಗಳು" ಅಂತ ಯಾರೋ ಮಾಡಿದ ಪಟ್ಟಿ ಹಿಡಿದು ಶುರು ಮಾಡಬೇಡಿ. ನಾನು ಹಾಗೇ ಶುರು ಮಾಡಿದ್ದೆ. ಪಟ್ಟಿಯ ಮೇಲ್ಗಡೆ ಲೆ ರಾಲಿಝ್ ದೆನ್ಯುಡೆ ಎಂಬ ಬ್ಯಾಂಡ್ ಇತ್ತು. ಇಯರ್‌ಫೋನ್ ಹಾಕಿಕೊಂಡು ಒತ್ತಿದೆ. ಮಿಕ್ಸಿಗೆ ಒಣಕೊಬ್ಬರಿ ಹಾಕಿ ತಿರುಗಿಸಿದ ಹಾಗೆ ಗಿಟಾರ್, ಅದರ ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಹಾಡುತ್ತಿದ್ದಾನೆ. ಮೂರು ನಿಮಿಷಕ್ಕೆ ನಿಲ್ಲಿಸಿದೆ. ಆಮೇಲೆ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಈಗ ಅದೇ ರೆಕಾರ್ಡಿಂಗನ್ನು ತಿಂಗಳಿಗೆ ಒಂದು ಸಲವಾದರೂ ಕೇಳುತ್ತೇನೆ, ಪೂರ್ತಿ, ದೀಪ ಆರಿಸಿಕೊಂಡು. ಆ ಎರಡು ವರ್ಷದಲ್ಲಿ ನನ್ನ ಕಿವಿ ಸುತ್ತು ಹಾಕಿಕೊಂಡು ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು. ಆ ಸುತ್ತು ಏನು, ನೀವು ಅದನ್ನು ಸ್ವಲ್ಪ ಸುಲಭವಾಗಿ ಹೇಗೆ ಹಾಕಬಹುದು ಅಂತ ಬರೆಯುತ್ತೇನೆ.

ಯಾವ ಬಾಗಿಲು ನಿಮಗೆ ಹತ್ತಿರ?

ಈಗ ನೀವು ಏನು ಕೇಳುತ್ತೀರಿ ಎಂಬುದರಿಂದಲೇ ಶುರು ಮಾಡಿ. ಅದನ್ನು ಬಿಟ್ಟು ಬರಬೇಕಾಗಿಲ್ಲ.

ಮೆಟಲ್ ಅಥವಾ ಹಾರ್ಡ್ ರಾಕ್ ಕೇಳಿ ಬೆಳೆದವರು ಫ್ಲವರ್ ಟ್ರಾವೆಲಿನ್ ಬ್ಯಾಂಡಿನಿಂದ ಶುರು ಮಾಡಿ. ನನ್ನ ಬಾಗಿಲು ಅದೇ. 2007ರ ಮಾರ್ಚಿನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾನು ಕಾಲೇಜಿನಲ್ಲಿದ್ದೆ, ಆ ದಿನದ ಸದ್ದು ಇನ್ನೂ ಎದೆಯಲ್ಲಿದೆ. ಅಂಥ ಕಿವಿಗೆ ಇವರ 1971ರ "ಸಟೋರಿ" ಆಲ್ಬಂ ಮೊದಲ ಸಲವೇ ಹಿಡಿಸುತ್ತದೆ. ಒಟ್ಟು ಐದು ಭಾಗ, ಹೆಸರೂ ಹಾಗೇ, ಸಟೋರಿ ಒಂದು, ಎರಡು, ಮೂರು. ಝೆನ್ ಬೌದ್ಧರಲ್ಲಿ ಸಟೋರಿ ಅಂದರೆ ಅರಿವು ತೆರೆದುಕೊಳ್ಳುವುದು. ಜೋ ಯಾಮಾನಾಕಾ ಶುರುವಿನಲ್ಲೇ ಒಂದು ಕೂಗು ಹಾಕುತ್ತಾರೆ, ಆಮೇಲೆ ಹಿದೆಕಿ ಇಶಿಮಾ ಅವರ ಗಿಟಾರ್ ಬಂಡೆ ಉರುಳಿದ ಹಾಗೆ ಬರುತ್ತದೆ. ಇಶಿಮಾ ನುಡಿಸುವುದನ್ನು ಗಮನವಿಟ್ಟು ಕೇಳಿ. ಬ್ಲೂಸ್ ಗಿಟಾರಿನ ಮಾಮೂಲಿ ತಿರುವುಗಳು ಅಲ್ಲಿ ಕಡಿಮೆ. ಸ್ವರದಿಂದ ಸ್ವರಕ್ಕೆ ಜಾರುವ ರೀತಿ ನಮ್ಮ ಕಿವಿಗೆ ಪರಿಚಯದ್ದು ಅನ್ನಿಸುತ್ತದೆ. ಅದು ಸುಮ್ನೆ ಅನ್ನಿಸುವುದಲ್ಲ. ಇಶಿಮಾ ಮುಂದೆ ಸಿತಾರ್ ಮತ್ತು ಗಿಟಾರ್ ಎರಡನ್ನೂ ಸೇರಿಸಿ "ಸಿತಾರ್ಲಾ" ಎಂಬ ವಾದ್ಯವನ್ನೇ ಮಾಡಿಕೊಂಡರು.

ಅಷ್ಟು ಗಟ್ಟಿ ಸದ್ದು ಬೇಡ ಅನ್ನುವವರಿಗೆ ಕಿಕಗಾಕು ಮೊಯೋ. ಹೆಸರಿನ ಅರ್ಥ ಜ್ಯಾಮಿತಿಯ ವಿನ್ಯಾಸಗಳು. ಇವರು ಹೊಸಬರು. 2012ರಲ್ಲಿ ಟೋಕಿಯೋದಲ್ಲಿ ಶುರುವಾಗಿ 2022ರಲ್ಲಿ ನಿಲ್ಲಿಸಿದರು. ಸಿತಾರ್ ನುಡಿಸುವ ರ್‍ಯೂ ಕುರೊಸಾವಾ ಭಾರತಕ್ಕೆ ಬಂದು, ಕೋಲ್ಕತ್ತಾದಲ್ಲಿ ಮಣಿಲಾಲ್ ನಾಗ್ ಅವರ ಹತ್ತಿರ ಕಲಿತವರು. ಬಣ್ಣಕ್ಕೆ ಅಂತ ಸಿತಾರ್ ಹಾಕಿಕೊಳ್ಳುವ ರಾಕ್ ಬ್ಯಾಂಡುಗಳಿಗೂ ಇವರಿಗೂ ಇರುವ ವ್ಯತ್ಯಾಸ ಕೇಳಿದ ತಕ್ಷಣ ಗೊತ್ತಾಗುತ್ತದೆ. 2016ರ "ಹೌಸ್ ಇನ್ ದಿ ಟಾಲ್ ಗ್ರಾಸ್" ಅಥವಾ 2018ರ "ಮಸಾನಾ ಟೆಂಪಲ್ಸ್", ಯಾವುದಾದರೂ ಆಗುತ್ತದೆ. ಮಳೆ ಬರುವಾಗ ಮೊದಲನೆಯದು.

ಹಳೆಯ ಸಿನಿಮಾ ಹಾಡುಗಳೇ ಪ್ರಾಣ ಅನ್ನುವವರಿಗೂ ಇಲ್ಲಿ ಜಾಗ ಇದೆ. 1965ರ ಹೊತ್ತಿಗೆ ವೆಂಚರ್ಸ್ ಎಂಬ ಅಮೆರಿಕನ್ ಬ್ಯಾಂಡು ಜಪಾನಿನ ಹುಡುಗರಿಗೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿಸಿತ್ತು. 1966ರಲ್ಲಿ ಬೀಟಲ್ಸ್ ಟೋಕಿಯೋದ ಬುಡೋಕಾನ್‌ನಲ್ಲಿ ಹಾಡಿ ಹೋದರು. ಆಮೇಲೆ ಸಾಲು ಸಾಲಾಗಿ ಬ್ಯಾಂಡುಗಳು ಹುಟ್ಟಿದವು. ಆ ಅಲೆಗೆ "ಗ್ರೂಪ್ ಸೌಂಡ್ಸ್" ಅಂತ ಹೆಸರು. ಟೈಗರ್ಸ್, ಸ್ಪೈಡರ್ಸ್, ಟೆಂಪ್ಟರ್ಸ್. ಮೂರು ನಿಮಿಷದ ಹಾಡು, ಹಿಂದೆ ಪಿಟೀಲು, ತುಂಬಾ ಸಿಹಿ. ಇದರ ನಡುವೆ 1968ರಲ್ಲಿ ಮಾಪ್ಸ್ ಎಂಬ ಬ್ಯಾಂಡು ನೇರವಾಗಿ ಸೈಕೆಡೆಲಿಕ್ ಅಂತಲೇ ಹೆಸರಿಟ್ಟು ಆಲ್ಬಂ ತಂದಿತು. ಅದೇ ವರ್ಷ ಜಾಕ್ಸ್ ಎಂಬ ಇನ್ನೊಂದು ಗುಂಪಿನ ಮೊದಲ ಆಲ್ಬಂ ಬಂತು. ಜಾಕ್ಸ್‌ನ ಯೋಶಿಯೋ ಹಯಾಕಾವಾ ಹಾಡುವುದನ್ನು ಒಮ್ಮೆ ಕೇಳಿ. ಒಂದು ಪದವೂ ಅರ್ಥವಾಗದಿದ್ದರೂ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಗುತ್ತದೆ. ನನಗೆ ಈ ಇಡೀ ಲೋಕದಲ್ಲಿ ಅತಿ ಹತ್ತಿರದ ದನಿ ಅದು.

ಬ್ಯಾಂಡಿನ ಹಿಂದೆ ಹೋಗಬೇಡಿ, ನುಡಿಸುವವರ ಹಿಂದೆ ಹೋಗಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. 1960-70ರ ಜಪಾನಿ ಬ್ಯಾಂಡುಗಳು ಜಾಸ್ತಿ ದಿನ ಬಾಳಲಿಲ್ಲ. ಒಂದೋ ಎರಡೋ ಆಲ್ಬಂ, ಮುಗಿಯಿತು. ಆದರೆ ಅದರಲ್ಲಿದ್ದವರು ಎಲ್ಲೂ ಹೋಗಲಿಲ್ಲ, ಇನ್ನೊಂದು ಬ್ಯಾಂಡಿಗೆ ಹೋದರು. ಅದಕ್ಕೇ ಒಂದು ಆಲ್ಬಂ ಇಷ್ಟವಾದರೆ ಅದರಲ್ಲಿ ಯಾವ ವಾದ್ಯ ನಿಮ್ಮನ್ನು ಹಿಡಿಯಿತು ನೋಡಿ. ಅದನ್ನು ನುಡಿಸಿದವರ ಹೆಸರು ಹುಡುಕಿ. ಆ ಹೆಸರಿನ ಹಿಂದೆ ನಡೆಯಿರಿ.

ನಾನು ನಡೆದ ಒಂದು ದಾರಿ ಹೇಳುತ್ತೇನೆ. 1969ರಲ್ಲಿ ಏಪ್ರಿಲ್ ಫೂಲ್ ಎಂಬ ಬ್ಯಾಂಡು ಒಂದೇ ಒಂದು ಆಲ್ಬಂ ಮಾಡಿ ಒಡೆದುಹೋಯಿತು. ಅದರಲ್ಲಿ ಬೇಸ್ (ಕೆಳಸ್ವರಗಳ ದಪ್ಪ ದನಿಯ ಗಿಟಾರ್) ಹರುಓಮಿ ಹೊಸೊನೋ, ಡ್ರಮ್ಸ್ ತಕಾಶಿ ಮಾತ್ಸುಮೊಟೊ, ಕೀಬೋರ್ಡ್ ಹಿರೋ ಯಾನಾಗಿದಾ. ಇಲ್ಲಿಂದ ದಾರಿ ಎರಡಾಗುತ್ತದೆ. ಹೊಸೊನೋ ಮತ್ತು ಮಾತ್ಸುಮೊಟೊ ಸೇರಿ ಹ್ಯಾಪಿ ಎಂಡ್ ಎಂಬ ಬ್ಯಾಂಡು ಕಟ್ಟಿದರು. ಅದು ಮೆತ್ತಗಿನ ದಾರಿ, 1971ರ "ಕಾಝೆಮಾಚಿ ರೋಮನ್" ಆಲ್ಬಂ ಸಂಜೆ ಕಾಫಿ ಜೊತೆ ಕೇಳುವಂಥದ್ದು. ಅದೇ ಹೊಸೊನೋ 1978ರಲ್ಲಿ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಶುರು ಮಾಡಿ ಸಿಂಥಸೈಸರ್ ಕಡೆ ಹೋದರು. ಇನ್ನೊಂದು ಕಡೆ ಯಾನಾಗಿದಾ 1970ರಲ್ಲಿ ಫುಡ್ ಬ್ರೈನ್ ಎಂಬ ಗುಂಪಿಗೆ ಬಂದರು. ಅಲ್ಲಿ ಗಿಟಾರ್ ಹಿಡಿದವರು ಶಿಂಕಿ ಚೆನ್, ಬೇಸ್ ಮಸಾಯೋಶಿ ಕಾಬೆ. ಈ ಕಾಬೆ ಅದಕ್ಕೆ ಮೊದಲು ಗೋಲ್ಡನ್ ಕಪ್ಸ್ ಎಂಬ ಗ್ರೂಪ್ ಸೌಂಡ್ಸ್ ಬ್ಯಾಂಡಿನಲ್ಲಿದ್ದರು. ಯೊಕೊಹಾಮಾ ಬ್ಯಾಂಡ್ ಅದು. ಸಿಹಿ ಹಾಡುಗಳ ಅಡಿಯಲ್ಲಿ ಅವರ ಬೇಸ್ ಹೇಗೆ ಕುಣಿಯುತ್ತದೆ ಕೇಳಿ, ಹಾಡು ಬಿಟ್ಟು ಅದರ ಹಿಂದೆಯೇ ಹೋಗಿಬಿಡುತ್ತೀರಿ. ಫುಡ್ ಬ್ರೈನ್ ಮುಗಿದ ಮೇಲೆ ಚೆನ್ ಮತ್ತು ಕಾಬೆ ಇಬ್ಬರೂ ಜೋಯಿ ಸ್ಮಿತ್ ಎಂಬ ಫಿಲಿಪೀನ್ಸಿನ ಡ್ರಮ್ಮರ್ ಜೊತೆ ಸೇರಿ ಸ್ಪೀಡ್, ಗ್ಲೂ ಅಂಡ್ ಶಿಂಕಿ ಕಟ್ಟಿದರು. ಅವರ 1971ರ "ಈವ್" ಆಲ್ಬಂ ಭಾರದ, ನಿಧಾನದ, ಧೂಳು ಮೆತ್ತಿದ ಬ್ಲೂಸ್. ಸ್ಮಿತ್ ಆಮೇಲೆ ಮನಿಲಾಕ್ಕೆ ವಾಪಸ್ ಹೋಗಿ ಅಲ್ಲಿನ ರಾಕ್‌ಗೆ ದೊಡ್ಡ ಹೆಸರಾದರು. ಅಂದರೆ ಒಬ್ಬ ಬೇಸ್ ವಾದಕನ ಹಿಂದೆ ಹೊರಟರೆ ಟೋಕಿಯೋ, ಯೊಕೊಹಾಮಾ ಸುತ್ತಿ ನೀವು ಫಿಲಿಪೀನ್ಸಿನ ರಾಕ್‌ವರೆಗೆ ತಲುಪುತ್ತೀರಿ. ಯಾವ ಪಟ್ಟಿಯೂ ನಿಮ್ಮನ್ನು ಹೀಗೆ ಕರೆದುಕೊಂಡು ಹೋಗುವುದಿಲ್ಲ.

ಇನ್ನೊಂದು ದಾರಿ ಚಿಕ್ಕದು. ಮಿಚಿಯೋ ಕುರಿಹಾರಾ ಎಂಬ ಗಿಟಾರಿಸ್ಟ್ ಹೆಸರು ಬರೆದುಕೊಳ್ಳಿ. ಮೊದಲು ವೈಟ್ ಹೆವನ್ ಬ್ಯಾಂಡು, ಆಮೇಲೆ ಘೋಸ್ಟ್, ಆಮೇಲೆ 2006ರಲ್ಲಿ ಬೋರಿಸ್ ಎಂಬ ಬ್ಯಾಂಡಿನ ಜೊತೆ "ರೇನ್‌ಬೋ". ಬೋರಿಸ್ ಈಗಾಗಲೇ ಕೇಳಿದ ಮೆಟಲ್ ಮಂದಿಗೆ ಇದು ಹಿಂದಕ್ಕೆ ನಡೆಯುವ ಒಳ್ಳೆ ದಾರಿ.

ಯೂಯಾ ಉಚಿದಾ ಹೆಸರೂ ಇಲ್ಲೇ ಹೇಳಬೇಕು. ಫ್ಲವರ್ ಟ್ರಾವೆಲಿನ್ ಬ್ಯಾಂಡನ್ನು ಕಟ್ಟಿ ನಿಲ್ಲಿಸಿದವರು ಅವರು. 1970ರ ಸುಮಾರಿಗೆ ಜಪಾನಿನಲ್ಲಿ ಒಂದು ದೊಡ್ಡ ಜಗಳ ನಡೆಯಿತು: ರಾಕ್ ಹಾಡನ್ನು ಜಪಾನಿ ಭಾಷೆಯಲ್ಲಿ ಹಾಡಬಹುದೇ, ಇಂಗ್ಲಿಷಿನಲ್ಲೇ ಹಾಡಬೇಕೇ? ಹೊರದೇಶಕ್ಕೆ ತಲುಪಬೇಕಾದರೆ ಇಂಗ್ಲಿಷ್ ಬೇಕು ಅಂತ ಉಚಿದಾ. ಇಲ್ಲ, ನಮ್ಮ ಮಾತಿನಲ್ಲೇ ಆಗುತ್ತದೆ ಅಂತ ಹ್ಯಾಪಿ ಎಂಡ್‌ನವರು. ಬೆಂಗಳೂರಿನ ರಾಕ್ ಬ್ಯಾಂಡುಗಳು ಎಷ್ಟೋ ವರ್ಷ ಬರೀ ಇಂಗ್ಲಿಷಿನಲ್ಲಿ ಹಾಡಿದ್ದನ್ನೂ, ಆಮೇಲೆ ಸ್ವರಾತ್ಮ, ರಘು ದೀಕ್ಷಿತ್ ಥರದವರು ಕನ್ನಡದಲ್ಲಿ ಹಾಡಿ ಜನರನ್ನು ಕುಣಿಸಿದ್ದನ್ನೂ ನೋಡಿದವರಿಗೆ ಆ ಜಗಳ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ಎರಡೂ ಕಡೆಯ ಆಲ್ಬಂಗಳನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ನನ್ನ ಮಟ್ಟಿಗೆ ವಾದದಲ್ಲಿ ಹ್ಯಾಪಿ ಎಂಡ್ ಗೆದ್ದಿತು. ಆದರೆ "ಸಟೋರಿ"ಯಲ್ಲಿ ಮಾತೇ ಕಡಿಮೆ, ಅಲ್ಲಿ ಭಾಷೆಯ ಪ್ರಶ್ನೆ ಹೆಚ್ಚು ಏಳುವುದೇ ಇಲ್ಲ.

ಹುಡುಕುವಾಗ

ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಹಾಕಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ವಿಕಿಪೀಡಿಯದಲ್ಲಿ ಆ ಬ್ಯಾಂಡಿನ ಪುಟ ತೆರೆಯಿರಿ, ಮೊದಲ ಸಾಲಿನಲ್ಲೇ ಜಪಾನಿ ಲಿಪಿಯಲ್ಲಿ ಹೆಸರು ಇರುತ್ತದೆ. ಅದನ್ನು ಕಾಪಿ ಮಾಡಿ ಯೂಟ್ಯೂಬಿನಲ್ಲಿ ಪೇಸ್ಟ್ ಮಾಡಿ. ಬೇರೆಯದೇ ಲೋಕ ತೆರೆಯುತ್ತದೆ. ಹಳೆ ಟಿವಿ ಕಾರ್ಯಕ್ರಮ, ಕಾಲೇಜು ಹಬ್ಬದಲ್ಲಿ ಯಾರೋ ಹಿಡಿದ ಟೇಪು, ಎಲ್ಲ ಬರುತ್ತದೆ. ಇನ್ನೊಂದು ವಿಷಯ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಒಂದು ಕಡೆ ಕೇಜಿ ಹೈನೋ, ಇನ್ನೊಂದು ಕಡೆ ಹೈನೋ ಕೇಜಿ ಅಂತ ಕಂಡರೆ ಇಬ್ಬರು ಅಂತ ತಿಳಿಯಬೇಡಿ.

ಯಾವ ಆಲ್ಬಂನಲ್ಲಿ ಯಾರು ನುಡಿಸಿದ್ದಾರೆ ಅಂತ ನೋಡುವುದಕ್ಕೆ ಡಿಸ್ಕಾಗ್ಸ್ ತಾಣ ಇದೆ. ಒಬ್ಬರ ಹೆಸರು ಒತ್ತಿದರೆ ಅವರು ನುಡಿಸಿದ ಎಷ್ಟೋ ರೆಕಾರ್ಡುಗಳು ಸಾಲಾಗಿ ಬರುತ್ತವೆ. ಮೇಲೆ ಹೇಳಿದ ಕಾಬೆಯವರ ದಾರಿಯನ್ನು ನಾನು ಹಿಡಿದಿದ್ದು ಹಾಗೇ, ಒಂದು ರಾತ್ರಿ ಹನ್ನೊಂದಕ್ಕೆ ಕೂತವನು ಬೆಳಗಿನ ಹಾಲಿನವನು ಬರುವ ಹೊತ್ತಿಗೆ ಎದ್ದೆ. ಹೊಸ ಬ್ಯಾಂಡುಗಳಿಗೆ ಸಂಗೀತ ಕೇಳಿ ಕೊಳ್ಳುವ ಬ್ಯಾಂಡ್‌ಕ್ಯಾಂಪ್ ತಾಣ ಒಳ್ಳೆಯದು. ಅಲ್ಲಿ ಗುರುಗುರು ಬ್ರೈನ್ ಅಂತ ಹುಡುಕಿ. ಕಿಕಗಾಕು ಮೊಯೋದ ಗೋ ಕುರೊಸಾವಾ ಮತ್ತು ತೊಮೊ ಕತ್ಸುರಾದಾ ಸೇರಿ ನಡೆಸಿದ ಲೇಬಲ್, ಅಂದರೆ ಆಲ್ಬಂ ಹೊರತರುವ ಸಂಸ್ಥೆ, ಅದು. ಜಪಾನ್ ಮಾತ್ರ ಅಲ್ಲ, ಏಷ್ಯಾದ ಬೇರೆ ದೇಶಗಳ ಬ್ಯಾಂಡುಗಳನ್ನೂ ತಂದಿದ್ದಾರೆ. ಬ್ಯಾಂಡ್‌ಕ್ಯಾಂಪಿನಲ್ಲಿ ಕೊಂಡರೆ ಹಣದ ದೊಡ್ಡ ಪಾಲು ನುಡಿಸಿದವರ ಕಡೆಗೇ ಹೋಗುತ್ತದೆ. ಇಷ್ಟವಾದ ಒಂದಾದರೂ ಆಲ್ಬಂ ದುಡ್ಡು ಕೊಟ್ಟು ತಗೊಳ್ಳಿ.

ರೆಕಾರ್ಡ್ ಪ್ಲೇಯರ್ ಇರುವವರಿಗೆ ಒಂದು ಎಚ್ಚರಿಕೆ. 1970ರ ಕಾಲದ ಮೂಲ ರೆಕಾರ್ಡುಗಳ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಅದರಲ್ಲೂ ಕವರಿನ ಅಂಚಿಗೆ ಸುತ್ತಿರುವ ಕಾಗದದ ಪಟ್ಟಿ, ಅದಕ್ಕೆ ಒಬಿ ಅನ್ನುತ್ತಾರೆ, ಅದು ಹರಿಯದೆ ಉಳಿದಿದ್ದರೆ ಬೆಲೆ ಇನ್ನೂ ಜಾಸ್ತಿ. ಅದರ ಹಿಂದೆ ಬೀಳಬೇಡಿ. ಮರುಮುದ್ರಣದ ರೆಕಾರ್ಡುಗಳು ಚೆನ್ನಾಗಿವೆ. ಹೊರದೇಶದಿಂದ ತರಿಸುವುದಾದರೆ ಅಂಚೆ ಖರ್ಚು, ಕಸ್ಟಮ್ಸ್ ಸುಂಕ ಎರಡನ್ನೂ ಲೆಕ್ಕ ಹಾಕಿಕೊಂಡು, ಇಬ್ಬರು ಮೂವರು ಗೆಳೆಯರು ಸೇರಿ ಒಟ್ಟಿಗೆ ತರಿಸಿ.

ಕಷ್ಟದ ಸಂಗೀತಕ್ಕೆ ಹೋಗುವಾಗ

ಈಗ ಲೆ ರಾಲಿಝ್ ದೆನ್ಯುಡೆಗೆ ಬರೋಣ. 1967ರಲ್ಲಿ ಕ್ಯೋಟೋದ ದೋಶಿಶಾ ವಿಶ್ವವಿದ್ಯಾಲಯದಲ್ಲಿ ತಕಾಶಿ ಮಿಝುತಾನಿ ಕಟ್ಟಿದ ಬ್ಯಾಂಡು. ವಿದ್ಯಾರ್ಥಿ ಚಳವಳಿಯ ಬಿಸಿ ಏರಿದ್ದ ಕಾಲ. ಇವರ ಮೊದಲ ಬೇಸ್ ವಾದಕ ಮೊರಿಯಾಕಿ ವಾಕಾಬಯಾಶಿ 1970ರ ಮಾರ್ಚ್ 31ರಂದು ಜಪಾನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದ ಗುಂಪಿನಲ್ಲಿದ್ದರು. ಈ ಕಥೆ ಎಲ್ಲರೂ ಹೇಳುತ್ತಾರೆ, ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಮಿಝುತಾನಿ ಸ್ಟುಡಿಯೋ ಆಲ್ಬಂಗಳ ಗೊಡವೆಗೇ ಹೋಗದೆ ದಶಕಗಟ್ಟಲೆ ನುಡಿಸಿದರು. ಅಧಿಕೃತವಾಗಿ ಮೂರು ಸಿಡಿ ಬಂದಿದ್ದು 1991ರಲ್ಲಿ, ಅದೂ ಹಳೆಯ ಟೇಪುಗಳಿಂದ. ಉಳಿದದ್ದೆಲ್ಲ ಜನ ಕದ್ದು ಹಿಡಿದ ಟೇಪುಗಳಲ್ಲಿ ಕೈಯಿಂದ ಕೈಗೆ ಹೋಯಿತು. ಮಿಝುತಾನಿ 2019ರಲ್ಲಿ ತೀರಿಕೊಂಡಿದ್ದು ಹೊರಗೆ ಗೊತ್ತಾಗಿದ್ದೇ 2021ರಲ್ಲಿ. 2022ರಿಂದ ಟೆಂಪೊರಲ್ ಡ್ರಿಫ್ಟ್ ಎಂಬ ಲೇಬಲ್ ಒಳ್ಳೆಯ ಗುಣಮಟ್ಟದಲ್ಲಿ ಇವರ ರೆಕಾರ್ಡಿಂಗುಗಳನ್ನು ಹೊರತರುತ್ತಿದೆ, ಮೊದಲು ಕೇಳುವವರು ಅವನ್ನೇ ಹಿಡಿಯಿರಿ. ನಾನು ಮೊದಲ ಸಲ ಕೇಳಿದ್ದು ನಕಲಿನ ನಕಲು, ಅರ್ಧ ತಪ್ಪು ಅಲ್ಲೇ ಇತ್ತು.

ಇನ್ನರ್ಧ ತಪ್ಪು ನಾನು ಗಿಟಾರನ್ನು ಕೇಳಲು ಹೋಗಿದ್ದು. ಬೇಸ್ ಕೇಳಿ. ಮೇಲೆ ಎಷ್ಟೇ ಗದ್ದಲ ಇದ್ದರೂ ಕೆಳಗೆ ಬೇಸ್ ನಾಲ್ಕೈದು ಸ್ವರಗಳನ್ನೇ ಹಿಡಿದು, ಹದಿನೈದು ಇಪ್ಪತ್ತು ನಿಮಿಷ ಅಲ್ಲಾಡದೆ ನಡೆಯುತ್ತದೆ. ಹತ್ತು ನಿಮಿಷ ಅದರ ಕೈ ಹಿಡಿದುಕೊಂಡಿರಿ. ಆಮೇಲೆ ಗಿಟಾರಿನ ಗದ್ದಲದೊಳಗೆ ಅಲೆಗಳು ಕಾಣಿಸಲು ಶುರುವಾಗುತ್ತವೆ, ಒಂದು ಏಳುತ್ತದೆ, ಒಂದು ಬೀಳುತ್ತದೆ. ಇಯರ್‌ಫೋನ್ ಬೇಡ, ಸ್ಪೀಕರಿನಲ್ಲಿ ಹಾಕಿ, ಸ್ವಲ್ಪ ದೂರ ಕೂತುಕೊಳ್ಳಿ. ಸದ್ದು ಹೆಚ್ಚಿಸಿದರೆ ಚೆನ್ನಾಗಿರುತ್ತದೆ ಅಂತ ಹೇಳುವವರ ಮಾತು ಕೇಳಿ ಕಿವಿ ಹಾಳು ಮಾಡಿಕೊಳ್ಳಬೇಡಿ.

ಇದು ಒಗ್ಗಿದ ಮೇಲೆ ಪಿ.ಎಸ್.ಎಫ್. ಲೇಬಲ್ ಕಡೆ ಹೋಗಬಹುದು. ಟೋಕಿಯೋದಲ್ಲಿ ಮಾಡರ್ನ್ ಮ್ಯೂಸಿಕ್ ಎಂಬ ಚಿಕ್ಕ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಹಿದೆಯೋ ಇಕೆಎಝುಮಿ 1984ರಲ್ಲಿ ಶುರು ಮಾಡಿದ ಲೇಬಲ್ ಅದು. ಅಂಗಡಿಯವರೊಬ್ಬರು ತಮಗೆ ಇಷ್ಟವಾದದ್ದನ್ನು ಮಾತ್ರ ಹೊರತರುತ್ತೇನೆ ಅಂತ ಕೂತು, ಇಡೀ ಒಂದು ಸಂಗೀತವನ್ನು ಉಳಿಸಿದರು. ಹೈ ರೈಸ್, ಫುಶಿತ್ಸುಶಾ, ವೈಟ್ ಹೆವನ್, ಘೋಸ್ಟ್, ಎಲ್ಲರಿಗೂ ಅಲ್ಲಿ ಜಾಗ ಸಿಕ್ಕಿತು. 1991ರ "ಟೋಕಿಯೋ ಫ್ಲ್ಯಾಶ್‌ಬ್ಯಾಕ್" ಸಂಕಲನ ಒಂದರಲ್ಲೇ ಇವರಲ್ಲಿ ಹಲವರು ಸಿಗುತ್ತಾರೆ. ಅದನ್ನು ಒಮ್ಮೆ ಕೇಳಿ, ಯಾರು ಹಿಡಿಸಿದರೋ ಅವರ ಹಿಂದೆ ಹೋಗಿ. ಕೇಜಿ ಹೈನೋ ಅವರ ಫುಶಿತ್ಸುಶಾವನ್ನು ಮಾತ್ರ ಸುಸ್ತಾಗಿ ಮನೆಗೆ ಬಂದ ದಿನ ಹಾಕಬೇಡಿ. ರಜೆಯ ಬೆಳಿಗ್ಗೆ, ತಲೆ ತಿಳಿಯಾಗಿದ್ದಾಗ.

ಕಿವಿ ಬದಲಾಗುವ ಬಗ್ಗೆ

ಮತ್ತೆ ಮತ್ತೆ ಎದುರಾದದ್ದು ಮೆಲ್ಲಗೆ ಇಷ್ಟವಾಗುತ್ತದೆ ಅಂತ 1968ರಲ್ಲೇ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ ತೋರಿಸಿದ್ದಾರೆ. ಆದರೆ ಒಂದೇ ವಾರದಲ್ಲಿ ಹತ್ತು ಸಲ ಹಾಕಿ ಕಿವಿಯನ್ನು ಬಗ್ಗಿಸಲು ಹೋದರೆ ನನ್ನ ಅನುಭವದಲ್ಲಿ ರೇಜಿಗೆ ಹುಟ್ಟುತ್ತದೆ ಅಷ್ಟೆ. ಒಮ್ಮೆ ಪೂರ್ತಿ ಕೇಳಿ, ಬಿಟ್ಟುಬಿಡಿ, ಎರಡು ಮೂರು ತಿಂಗಳ ಮೇಲೆ ಮತ್ತೆ ಬನ್ನಿ. ನಡುವೆ ಕೇಳಿದ ಬೇರೆ ಸಂಗೀತ ತನ್ನ ಕೆಲಸ ಮಾಡಿರುತ್ತದೆ. ಕೇಳಿದ ದಿನ, ಹೊತ್ತು, ಏನು ಅನ್ನಿಸಿತು ಅಂತ ಒಂದೇ ಸಾಲು ಬರೆದಿಡಿ. ನನ್ನ ನೋಟ್‌ಬುಕ್ಕಿನಲ್ಲಿ "ಸಹಿಸಲಾಗುವುದಿಲ್ಲ" ಅಂತ ಬರೆದ ಪುಟದಲ್ಲೇ, ಕೆಳಗೆ ಬೇರೆ ಶಾಯಿಯಲ್ಲಿ "ಇನ್ನೊಮ್ಮೆ" ಅಂತ ಇದೆ.

ಹಳೆಯದನ್ನು ಕೀಳಾಗಿ ಕಾಣಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಯಾರೂ ಕೇಳದ ಬ್ಯಾಂಡು ಕೇಳಲು ಶುರು ಮಾಡಿದವರು ಕೆಲವರು ಮೊದಲಿನ ಇಷ್ಟಗಳ ಬಗ್ಗೆ ನಾಚಿಕೊಳ್ಳುತ್ತಾರೆ, ಮನೆಯವರು ಸಿನಿಮಾ ಹಾಡು ಹಾಕಿದರೆ ಮುಖ ಸಿಂಡರಿಸುತ್ತಾರೆ. ಒಂದು ಆರು ತಿಂಗಳು ನಾನೂ ಹಾಗಿದ್ದೆ. ಅದರಿಂದ ನನ್ನನ್ನು ಹೊರಗೆ ತಂದದ್ದೂ ಒಂದು ಜಪಾನಿ ಆಲ್ಬಮ್ಮೇ.

ತಾಜ್ ಮಹಲ್ ಟ್ರಾವೆಲರ್ಸ್ ಎಂಬ ಗುಂಪು ಇತ್ತು. ತಾಕೆಹಿಸಾ ಕೊಸುಗಿ ಅದರಲ್ಲಿ ಪಿಟೀಲು ನುಡಿಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಇವರು ಯುರೋಪಿನಿಂದ ಒಂದು ವ್ಯಾನಿನಲ್ಲಿ ಹೊರಟು ನಿಜವಾಗಿಯೂ ತಾಜ್ ಮಹಲ್‌ವರೆಗೆ ಬಂದವರು. ರಾಕ್ ಅನ್ನಬೇಕೋ ಬೇಡವೋ ಗೊತ್ತಾಗದಂಥ ಸಂಗೀತ. ತಾಳ ಇಲ್ಲ. ಒಂದು ನಾದ ಎದ್ದು ನಿಲ್ಲುತ್ತದೆ, ಅದರ ಮೇಲೆ ಪಿಟೀಲು, ದನಿ, ಯಂತ್ರದ ಪ್ರತಿಧ್ವನಿ ಬಂದು ಹೋಗುತ್ತವೆ. ಅವರ "ಆಗಸ್ಟ್ 1974" ಆಲ್ಬಂ ಕೇಳುತ್ತಾ ಕೂತಾಗ ಹದಿನೈದನೇ ನಿಮಿಷಕ್ಕೆ ನನಗೆ ಊರಿನ ಮನೆಯ ನಡುಮನೆ ಕಣ್ಣೆದುರು ಬಂತು. ಅಮ್ಮ ಸಾಯಂಕಾಲ ಮಕ್ಕಳಿಗೆ ಸಂಗೀತ ಹೇಳಿಕೊಡುವ ಮೊದಲು ಶ್ರುತಿಪೆಟ್ಟಿಗೆ ಹಾಕಿ ಐದು ನಿಮಿಷ ಸುಮ್ಮನೆ ಕೂರುತ್ತಿದ್ದಳು. ಆ ಗುಂಯ್ ಅನ್ನುವ ಸದ್ದು ನನಗೆ ಆಗ ಸೇರುತ್ತಲೇ ಇರಲಿಲ್ಲ, ಆಡಲು ಹೊರಗೆ ಓಡಿಹೋಗುತ್ತಿದ್ದೆ. ಮೆಟಲ್ ಹಾದು, ಟೋಕಿಯೋ ಸುತ್ತಿ, ಇಷ್ಟು ವರ್ಷದ ಮೇಲೆ ಕಿವಿ ಹುಡುಕುತ್ತಿದ್ದದ್ದು ಆ ಸದ್ದನ್ನೇ.

ಅದಕ್ಕೇ ಕರ್ನಾಟಕ ಸಂಗೀತ ಕೇಳಿ ಬೆಳೆದವರು ಬೇಕಾದರೆ ಈ ಕೊನೆಯಿಂದಲೇ ಶುರು ಮಾಡಬಹುದು. ತಂಬೂರಿ ಕೇಳಿ ಬೆಳೆದ ಕಿವಿಗೆ ಬೇರೆಯವರಿಗೆ ಕಷ್ಟ ಅನ್ನಿಸುವ ಈ ಆಲ್ಬಂ ಎಲ್ಲಕ್ಕಿಂತ ಸುಲಭ.

ಮತ್ತೆ, ಒಬ್ಬರೇ ಕೇಳಬೇಡಿ. ಮನೆಯಲ್ಲಿ ಯಾರಿಗಾದರೂ ಹಾಕಿ ತೋರಿಸಿ, ಏನೂ ವಿವರಿಸದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನಿಗೆ "ಆಗಸ್ಟ್ 1974" ಹಾಕಿದೆ. ಬತ್ತಿ ಹೊಸೆಯುತ್ತಾ ರೆಕಾರ್ಡಿನ ಒಂದು ಪೂರ್ತಿ ಬದಿ ಕೇಳಿದಳು. "ಶ್ರುತಿ ಚೆನ್ನಾಗಿ ನಿಂತಿದೆ ಕಣೋ, ಹಾಡೋರು ಯಾವಾಗ ಬರ್ತಾರೆ?" ಅಂದಳು. ಇನ್ನೂ ಮೂರು ಬದಿ ಇದೆ ಅಮ್ಮ, ಅಂದೆ. "ಹಾಗಾದ್ರೆ ಹಾಕು" ಅಂತ ಇನ್ನೊಂದಿಷ್ಟು ಹತ್ತಿ ತಗೊಂಡಳು.